ಬ್ಯಾಡಗಿ ಮೆಣಸಿನಕಾಯಿ ಧಾರಣೆಗೆ ಡ್ಯಾಶ್‌ಬೋರ್ಡ್ ಕಟ್ಟಿದ್ದು ಹೀಗೆ

ಎಂಬಿಎ ಕೊನೆಯ ವರ್ಷದಲ್ಲಿ ಬಿಸಿನೆಸ್ ಇಂಟೆಲಿಜೆನ್ಸ್ (ಡೇಟಾದಿಂದ ತೀರ್ಮಾನಕ್ಕೆ ಬೇಕಾದ ಉತ್ತರ ತೆಗೆಯುವುದು) ಪೇಪರ್ ತೆಗೆದುಕೊಂಡವರು ಒಂದು ಪ್ರಾಜೆಕ್ಟ್ ಕಟ್ಟಿ ತೋರಿಸಬೇಕು. ಕ್ಲಾಸಿನಲ್ಲಿ ಹೆಚ್ಚಿನವರು ಚಾರ್ಟ್ ಕಟ್ಟುವ ಟ್ಯಾಬ್ಲೋ ಸಾಫ್ಟ್‌ವೇರ್ ಜೊತೆ ಬರುವ ಸೂಪರ್‌ಸ್ಟೋರ್ ಡೇಟಾ ಹಿಡಿದರು. ಅದು ಅಂಗಡಿ ವ್ಯಾಪಾರದ ಮಾದರಿ ಡೇಟಾ, ಮೊದಲೇ ಸ್ವಚ್ಛ ಮಾಡಿ ಇಟ್ಟದ್ದು. ಯಾವ ಬಟನ್ ಎಲ್ಲಿದೆ ಅಂತ ಕಲಿಯಲು ಅದು ಸಾಕು. ನನಗೆ ಮನೆಯವರು ನಿಜವಾಗಿ ತೆರೆದು ನೋಡುವಂಥದ್ದು ಬೇಕಿತ್ತು. ನಮ್ಮ ಕಾಕಾ ಮೆಣಸಿನಕಾಯಿ ಬೆಳೆಯುತ್ತಾರೆ, ಮಾಲು ಬ್ಯಾಡಗಿಗೆ ಹೋಗುತ್ತದೆ. ಹಾಗಾಗಿ ಬ್ಯಾಡಗಿ ಎಪಿಎಂಸಿಯ ಒಣ ಮೆಣಸಿನಕಾಯಿ ಆವಕ ಮತ್ತು ಧಾರಣೆಯನ್ನೇ ಆರಿಸಿಕೊಂಡೆ. ಮುಖ್ಯ ಅಂಕಿಗಳನ್ನು ಒಂದೇ ಕಡೆ ತೋರಿಸುವ ಡ್ಯಾಶ್‌ಬೋರ್ಡನ್ನು ಮೈಕ್ರೋಸಾಫ್ಟಿನ ಪವರ್ ಬಿಐ ಡೆಸ್ಕ್‌ಟಾಪ್‌ನಲ್ಲಿ ಕಟ್ಟಿದೆ. ಅದು ಉಚಿತ, ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ.

ನಿಮ್ಮೂರಿನ ಎಪಿಎಂಸಿಗೂ ಇದನ್ನೇ ಕಟ್ಟಬೇಕು ಅಂತಿದ್ದರೆ ಉಪಯೋಗ ಆಗಲಿ ಅಂತ ಮಾಡಿದ್ದನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ. ಚಾರ್ಟ್ ಬಣ್ಣ, ಫಾಂಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆಚ್ಚು ಸಮಯ ಹೋದದ್ದು ಲೆಕ್ಕದ ಮೇಲೆ, ಹೋಗಬೇಕಾದದ್ದೂ ಅಲ್ಲೇ.

ಮೊದಲು ಪ್ರಶ್ನೆ

ಲ್ಯಾಪ್‌ಟಾಪ್ ತೆರೆಯುವ ಮೊದಲು ಕಾಕಾನನ್ನು ಕೇಳಿದೆ, ಧಾರಣೆ ನೋಡುವಾಗ ನೀವು ಏನು ಹುಡುಕುತ್ತೀರಿ ಅಂತ. ಅವರು ಹೇಳಿದ್ದು ಇಷ್ಟೇ (ಕಡ್ಡಿ ಅಂದರೆ ಬ್ಯಾಡಗಿ ಮೆಣಸಿನಕಾಯಿಯ ಒಂದು ಬಗೆ): "ನೋಡ್ ತಮ್ಮಾ, ಮೂರು ಮಾತು ಹೇಳು ಸಾಕು. ಕಡ್ಡಿ ಹೋದ ಮಾರ್ಕೆಟ್‌ಗಿಂತ ಏರೈತೋ ಇಳದೈತೋ. ಮಾಲು ಎಷ್ಟು ಬಂದೈತಿ. ಈಗ ಮಾರಬೇಕೋ, ಕೋಲ್ಡ್ ಸ್ಟೋರೇಜಿಗೆ ಹಾಕಬೇಕೋ."

ಆ ಮೂರು ಮಾತನ್ನು ಹಾಗೇ ಬರೆದು ಗೋಡೆಗೆ ಅಂಟಿಸಿಕೊಂಡೆ. ಪ್ರತಿ ಚಾರ್ಟ್ ಹಾಕುವಾಗಲೂ, ಇದು ಮೂರರಲ್ಲಿ ಯಾವುದಕ್ಕೆ ಉತ್ತರ ಅಂತ ನೋಡುತ್ತಿದ್ದೆ. ಯಾವುದಕ್ಕೂ ಅಲ್ಲದಿದ್ದರೆ ತೆಗೆದುಬಿಡುತ್ತಿದ್ದೆ. ಐಬಿಎಂನಲ್ಲಿದ್ದ ಹಾನ್ಸ್ ಪೀಟರ್ ಲೂನ್ 1958ರಲ್ಲಿ ಬಿಸಿನೆಸ್ ಇಂಟೆಲಿಜೆನ್ಸ್ ಸಿಸ್ಟಮ್ ಅನ್ನುವ ಲೇಖನ ಬರೆದಾಗ ಅವರ ತಲೆಯಲ್ಲಿದ್ದದ್ದೂ ಇಂಥದ್ದೇ. ಬರುವ ಮಾಹಿತಿಯಲ್ಲಿ ಯಾರಿಗೆ ಯಾವುದು ಬೇಕೋ ಅದು ಅವರಿಗೆ ತಾನಾಗಿ ತಲುಪಬೇಕು ಅನ್ನುವುದು ಅವರ ಯೋಜನೆ. ಕ್ಲಾಸಿನಲ್ಲಿ ಇದನ್ನು ಒಂದು ಸ್ಲೈಡಿನಲ್ಲಿ ಮುಗಿಸಿದ್ದರು. ನನ್ನ ಮಟ್ಟಿಗೆ ಇಡೀ ಪೇಪರಿನಲ್ಲಿ ತುಂಬಾ ಕೆಲಸಕ್ಕೆ ಬಂದದ್ದು ಆ ಸ್ಲೈಡೇ.

ಇನ್ನೊಂದು ಕಾರಣವೂ ಇತ್ತು. 2024ರ ಮಾರ್ಚ್ 11ರ ಸೋಮವಾರ ಬ್ಯಾಡಗಿಯಲ್ಲಿ ಏನಾಯಿತು ಅನ್ನುವುದು ನಮ್ಮ ಕಡೆ ಎಲ್ಲರಿಗೂ ನೆನಪಿದೆ. ಬೆಲೆ ಕುಸಿದಿದೆ ಅಂತ ರೈತರು ಸಿಟ್ಟಿಗೆದ್ದರು, ಎಪಿಎಂಸಿ ಕಚೇರಿ ಮೇಲೆ ಕಲ್ಲು ಬಿತ್ತು, ವಾಹನಗಳಿಗೆ ಬೆಂಕಿ ಬಿತ್ತು. ವರ್ಷವಿಡೀ ದುಡಿದ ಮಾಲು ತಂದು ನಿಂತವರಿಗೆ ಧಾರಣೆ ಅಂದರೆ ಬರೀ ಅಂಕಿ ಅಲ್ಲ. ಅಂಥವರ ಮುಂದೆ ಒಂದು ಸಂಖ್ಯೆ ಇಡುವಾಗ ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅನ್ನುವುದು ನಮಗೆ ಖಚಿತವಾಗಿ ಗೊತ್ತಿರಬೇಕು.

ಡೇಟಾ

ರಾಜ್ಯದ ಕೃಷಿ ಮಾರಾಟ ವಾಹಿನಿಯಲ್ಲಿ ದಿನದ ಆವಕ, ಕನಿಷ್ಠ, ಗರಿಷ್ಠ ಮತ್ತು ಮಾದರಿ ಬೆಲೆ ಸಿಗುತ್ತದೆ. ಕೇಂದ್ರದ ಆಗ್‌ಮಾರ್ಕ್‌ನೆಟ್‌ನಲ್ಲೂ ಸಿಗುತ್ತದೆ. ಕೇಂದ್ರದ ಓಪನ್ ಡೇಟಾ ತಾಣದಲ್ಲಿ ಎಪಿಐ (ಪ್ರೋಗ್ರಾಂ ನೇರವಾಗಿ ಡೇಟಾ ಕೇಳಿ ಪಡೆಯುವ ದಾರಿ) ಮೂಲಕವೂ ದಿನದ ಧಾರಣೆ ತೆಗೆದುಕೊಳ್ಳಬಹುದು. ಆದರೆ ಅದರಲ್ಲಿ ಇರುವುದು ಬೆಲೆ ಮಾತ್ರ, ಆವಕ ಇಲ್ಲ. ನನಗೆ ಆವಕ ಬೇಕೇ ಬೇಕಿತ್ತು. ಯಾಕೆ ಅನ್ನುವುದು ಮುಂದೆ ಬರುತ್ತದೆ. ಅದಕ್ಕೇ ತಿಂಗಳ ವರದಿಗಳನ್ನು ಒಂದೊಂದಾಗಿ ಇಳಿಸಿಕೊಂಡು ಒಂದೇ ಫೋಲ್ಡರಿನಲ್ಲಿ ಹಾಕಿದೆ.

ಪವರ್ ಬಿಐ ಒಳಗೆ ಡೇಟಾ ತಂದು ಸ್ವಚ್ಛ ಮಾಡುವ ಭಾಗ ಪವರ್ ಕ್ವೆರಿ, ಅದರಲ್ಲಿ ಫೋಲ್ಡರ್ ಕನೆಕ್ಟರ್ ಅಂತ ಇದೆ. ಒಂದು ಫೈಲನ್ನು ಹೇಗೆ ಸ್ವಚ್ಛ ಮಾಡಬೇಕು ಅಂತ ಒಮ್ಮೆ ತೋರಿಸಿದರೆ ಅದೇ ಹೆಜ್ಜೆಗಳನ್ನು ಫೋಲ್ಡರಿನ ಎಲ್ಲ ಫೈಲಿಗೂ ಹಾಕುತ್ತದೆ. ಮುಂದಿನ ತಿಂಗಳ ಫೈಲ್ ಅದೇ ಫೋಲ್ಡರಿಗೆ ಹಾಕಿ ರಿಫ್ರೆಶ್ ಒತ್ತಿದರೆ ಮುಗಿಯಿತು. ಮೇಲಿನ ತಲೆಬರಹದ ಸಾಲು, ಕೊನೆಯ ಒಟ್ಟು ಮೊತ್ತದ ಸಾಲು, ಖಾಲಿ ಸಾಲು ಎಲ್ಲ ಇಲ್ಲೇ ತೆಗೆದೆ. ಒಟ್ಟು ಮೊತ್ತದ ಸಾಲು ಉಳಿದುಬಿಟ್ಟರೆ ಆವಕ ಎರಡು ಪಟ್ಟಾಗಿ ಕಾಣುತ್ತದೆ, ನೆನಪಿಡಿ.

ದಿನಾಂಕದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಫೈಲಿನಲ್ಲಿ 04/03/2024 ಅಂತ ಇದ್ದರೆ ನಮಗೆ ಅದು ಮಾರ್ಚ್ 4. ಲ್ಯಾಪ್‌ಟಾಪಿನ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ಪವರ್ ಕ್ವೆರಿಗೆ ಅದು ಏಪ್ರಿಲ್ 3. ದಿನ 12ಕ್ಕಿಂತ ಹೆಚ್ಚಾದರೆ ಎರರ್ ಬರುತ್ತದೆ, ಗೊತ್ತಾಗುತ್ತದೆ. 12ರ ಒಳಗಿದ್ದರೆ ಸದ್ದಿಲ್ಲದೆ ತಪ್ಪು ತಿಂಗಳಿಗೆ ಹೋಗಿ ಕೂರುತ್ತದೆ. ಇದಕ್ಕೆ ಔಷಧಿ ಸುಲಭ: ಕಾಲಮ್ ಮೇಲೆ ರೈಟ್ ಕ್ಲಿಕ್ ಮಾಡಿ, ಟೈಪ್ ಬದಲಿಸುವಾಗ ಯೂಸಿಂಗ್ ಲೊಕೇಲ್ ಆರಿಸಿ, ಇಂಗ್ಲಿಷ್ ಇಂಡಿಯಾ ಕೊಡಿ. ಆದರೆ ಸರಿಯಾಯಿತು ಅಂತ ನಂಬುವುದು ಹೇಗೆ? ಬ್ಯಾಡಗಿಯಲ್ಲಿ ದೊಡ್ಡ ವಹಿವಾಟು ಸೋಮವಾರ ಮತ್ತು ಗುರುವಾರ. ಹಾಗಾಗಿ ದಿನಾಂಕದಿಂದ ವಾರದ ಹೆಸರು ತೆಗೆದು, ವಾರದ ಯಾವ ದಿನ ಎಷ್ಟು ಆವಕ ಅಂತ ಒಂದು ಬಾರ್ ಚಾರ್ಟ್ ಹಾಕಿದೆ. ದಿನಾಂಕ ಸರಿ ಇದ್ದರೆ ಸೋಮವಾರ, ಗುರುವಾರದ ಬಾರ್ ಎದ್ದು ನಿಲ್ಲಬೇಕು. 2024ರ ಮಾರ್ಚ್ 4 ಸೋಮವಾರ, ಅದನ್ನೇ ಏಪ್ರಿಲ್ 3 ಅಂತ ಓದಿದರೆ ಬುಧವಾರ. 11/03/2024 ಅನ್ನು ನವೆಂಬರ್ 3 ಅಂತ ಓದಿದರೆ ಭಾನುವಾರ. ಭಾನುವಾರ ಸಾವಿರಾರು ಚೀಲ ಆವಕ ಕಂಡರೆ ಎಲ್ಲಿ ಹುಡುಕಬೇಕು ಅಂತ ತಕ್ಷಣ ಗೊತ್ತಾಗುತ್ತದೆ. ಮಾರುಕಟ್ಟೆಯ ಪದ್ಧತಿ ತಿಳಿದಿದ್ದರೆ ಡೇಟಾ ಪರೀಕ್ಷೆ ಇಷ್ಟು ಸುಲಭ.

ತಳಿಯ ಹೆಸರು, ಊರಿನ ಹೆಸರು ಇಂಗ್ಲಿಷಿನಲ್ಲಿ ಬೇರೆ ಬೇರೆ ರೀತಿ ಬರೆದಿರುತ್ತದೆ. ಫಜಿ ಮ್ಯಾಚ್ (ಹತ್ತಿರದ ಸ್ಪೆಲ್ಲಿಂಗ್ ನೋಡಿ ಸಾಫ್ಟ್‌ವೇರೇ ಹೊಂದಿಸುವುದು) ಬಿಟ್ಟು ಕೈಯಲ್ಲೇ ಒಂದು ಹೊಂದಾಣಿಕೆ ಪಟ್ಟಿ ಮಾಡಿದೆ. ಎಡಗಡೆ ಫೈಲಿನಲ್ಲಿರುವ ಹೆಸರು, ಬಲಗಡೆ ನಾನು ಇಟ್ಟ ಕನ್ನಡದ ಹೆಸರು. ಪಟ್ಟಿಯಲ್ಲಿ ಇಲ್ಲದ ಹೊಸ ಹೆಸರು ಬಂದರೆ 'ಗುರುತಿಸಿಲ್ಲ' ಅಂತ ಬೀಳುತ್ತದೆ, ಆಗ ನೋಡಿ ಸೇರಿಸುತ್ತೇನೆ.

ತೂಕದ ಅಳತೆಯಲ್ಲೂ ಎಚ್ಚರ ಬೇಕು. ಪೇಪರಿನವರು ಆವಕವನ್ನು ಚೀಲದ ಲೆಕ್ಕದಲ್ಲಿ ಬರೆಯುತ್ತಾರೆ, ವರದಿ ಕ್ವಿಂಟಲ್ ಅಥವಾ ಟನ್ನಿನಲ್ಲಿ ಬರುತ್ತದೆ, ಬೆಲೆ ಯಾವಾಗಲೂ ಕ್ವಿಂಟಲ್‌ಗೆ. ಚೀಲದ ತೂಕ ಎಲ್ಲ ಕಡೆ ಒಂದೇ ಇರುವುದಿಲ್ಲ. ಹಾಗಾಗಿ ಚೀಲದ ಅಂಕಿ ಮಾಡೆಲ್ ಒಳಗೆ ಬರಲೇ ಇಲ್ಲ, ಎಲ್ಲವೂ ಕ್ವಿಂಟಲ್.

ಒಂದು ಸಾಲು ಅಂದರೆ ಏನು

ಇದು ಇಡೀ ಪ್ರಾಜೆಕ್ಟಿನ ಬುಡ. ಡೇಟಾವನ್ನು ಟೇಬಲ್‌ಗಳಾಗಿ ಜೋಡಿಸಲು ರಾಲ್ಫ್ ಕಿಂಬಾಲ್ ಹೇಳಿಕೊಟ್ಟ ಡೈಮೆನ್ಷನಲ್ ಮಾಡೆಲಿಂಗ್ ಪದ್ಧತಿಯಲ್ಲಿ ಮೊದಲು ಗ್ರೇನ್ ತೀರ್ಮಾನ ಮಾಡು ಅನ್ನುತ್ತಾರೆ. ಫ್ಯಾಕ್ಟ್ ಟೇಬಲ್, ಅಂದರೆ ಅಂಕಿಗಳಿರುವ ಮುಖ್ಯ ಟೇಬಲ್, ಅದರ ಒಂದು ಸಾಲು ಏನನ್ನು ಹೇಳುತ್ತದೆ ಅಂತ ಒಂದೇ ವಾಕ್ಯದಲ್ಲಿ ಬರೆಯಬೇಕು. ನಾನು ಬರೆದದ್ದು: ಒಂದು ದಿನ, ಒಂದು ಮಾರುಕಟ್ಟೆ, ಒಂದು ತಳಿ. ಅಷ್ಟೇ. ಒಂದು ಲಾಟ್ (ಒಟ್ಟಿಗೆ ಮಾರುವ ರಾಶಿ) ಅಲ್ಲ, ಒಬ್ಬ ರೈತ ಅಲ್ಲ. ಬ್ಯಾಡಗಿಯಲ್ಲಿ ಇ-ಟೆಂಡರ್‌ನಲ್ಲಿ ಪ್ರತಿ ಲಾಟಿಗೂ ಬೇರೆ ಬೆಲೆ ಬೀಳುತ್ತದೆ. ಅದು ನಮ್ಮ ಕೈಗೆ ಬರುವ ಹೊತ್ತಿಗೆ ದಿನಕ್ಕೆ ಮೂರು ಬೆಲೆಯಾಗಿ ಸೋಸಿ ಬಂದಿರುತ್ತದೆ: ಕನಿಷ್ಠ, ಗರಿಷ್ಠ, ಮಾದರಿ. ಮಾದರಿ ಅಂದರೆ ಆ ದಿನ ಹೆಚ್ಚು ಮಾಲು ಹೋದ ಬೆಲೆ. ಅದು ಸರಾಸರಿ ಅಲ್ಲ.

ಮಧ್ಯದಲ್ಲಿ ಧಾರಣೆ ಟೇಬಲ್, ಸುತ್ತ ಮೂರು ಚಿಕ್ಕ ಟೇಬಲ್: ದಿನ, ಮಾರುಕಟ್ಟೆ, ತಳಿ. ಸ್ಟಾರ್ ಸ್ಕೀಮಾ ಅನ್ನುವುದು ಇದನ್ನೇ. ಸಂಬಂಧ ಎಲ್ಲ ಒಂದೇ ದಿಕ್ಕಿಗೆ, ಚಿಕ್ಕ ಟೇಬಲ್‌ನಿಂದ ಧಾರಣೆ ಕಡೆಗೆ. ಎರಡೂ ದಿಕ್ಕಿನ ಫಿಲ್ಟರ್ ಬೇಡ. ಆಟೋ ಡೇಟ್ ಟೈಮ್ ಅನ್ನುವ ಆಯ್ಕೆಯನ್ನು ಆಫ್ ಮಾಡಿ, ಇಲ್ಲದಿದ್ದರೆ ಪವರ್ ಬಿಐ ಪ್ರತಿ ದಿನಾಂಕದ ಕಾಲಮಿಗೂ ಮರೆಯಲ್ಲಿ ಒಂದೊಂದು ಕ್ಯಾಲೆಂಡರ್ ಕಟ್ಟುತ್ತದೆ.

ತಳಿ ಟೇಬಲ್ ಚಿಕ್ಕದಾದರೂ ಎಲ್ಲ ನಿಂತಿರುವುದು ಅದರ ಮೇಲೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಖಾರ ಕಡಿಮೆ, ಬಣ್ಣ ಗಾಢ. ಅದರ ಬಣ್ಣವನ್ನು ಓಲಿಯೋರೆಸಿನ್ (ಎಣ್ಣೆಯಂಥ ಸಾರ) ಆಗಿ ತೆಗೆದು ಆಹಾರಕ್ಕೂ ಲಿಪ್‌ಸ್ಟಿಕ್‌ಗೂ ಬಳಸುತ್ತಾರೆ. ಅದರೊಳಗೇ ಕಡ್ಡಿ ಬೇರೆ, ಡಬ್ಬಿ ಬೇರೆ. ಕಡ್ಡಿ ಉದ್ದ, ಸಣ್ಣ, ಸುಕ್ಕು ಜಾಸ್ತಿ. ಡಬ್ಬಿ ಗಿಡ್ಡ, ಉಬ್ಬಿದ ಹಾಗೆ ಇರುತ್ತದೆ, ಬೀಜ ಜಾಸ್ತಿ. ಇವುಗಳ ಜೊತೆ ಅದೇ ಪ್ರಾಂಗಣಕ್ಕೆ ಖಾರದ ಗುಂಟೂರು ತಳಿಯೂ ಬರುತ್ತದೆ. ಮೂರರ ಬೆಲೆ ಮೂರು ಲೋಕ. ಇವನ್ನೆಲ್ಲ ಸೇರಿಸಿ 'ಬ್ಯಾಡಗಿಯಲ್ಲಿ ಇಂದಿನ ಮೆಣಸಿನಕಾಯಿ ಬೆಲೆ' ಅಂತ ಒಂದು ಅಂಕಿ ಹಾಕಿದರೆ ಏನಾಗುತ್ತದೆ ನೋಡಿ.

ಸರಾಸರಿ ಇಳಿಯಿತು, ಎಲ್ಲ ಬೆಲೆಯೂ ಏರಿತು

ಇವು ಲೆಕ್ಕ ತೋರಿಸಲು ನಾನೇ ಇಟ್ಟುಕೊಂಡ ಅಂಕಿಗಳು, ನಿಜವಾದ ಧಾರಣೆ ಅಲ್ಲ.

ಸೋಮವಾರ ಡಬ್ಬಿ 100 ಕ್ವಿಂಟಲ್, ಬೆಲೆ 40,000. ಕಡ್ಡಿ 500 ಕ್ವಿಂಟಲ್, 30,000. ಗುಂಟೂರು 400 ಕ್ವಿಂಟಲ್, 12,000. ಗುರುವಾರ ಡಬ್ಬಿ 100 ಕ್ವಿಂಟಲ್, 41,000. ಕಡ್ಡಿ 400, 31,000. ಗುಂಟೂರು 1,000, 12,500. ಅಂದರೆ ಮೂರೂ ತಳಿಯ ಬೆಲೆ ಏರಿದೆ. ಈಗ ಆವಕದಿಂದ ಗುಣಿಸಿ ತೂಕದ ಸರಾಸರಿ ತೆಗೆಯಿರಿ. ಸೋಮವಾರ 23,800 ಬರುತ್ತದೆ. ಗುರುವಾರ 19,333. ಕಡ್ಡಿ ಬೆಳೆದವರಿಗೆ ಕ್ವಿಂಟಲ್‌ಗೆ ಸಾವಿರ ಜಾಸ್ತಿ ಸಿಕ್ಕ ದಿನ ಡ್ಯಾಶ್‌ಬೋರ್ಡ್ ಕೆಂಪು ಬಾಣ ಹಾಕಿ ನಾಲ್ಕು ಸಾವಿರಕ್ಕಿಂತ ಹೆಚ್ಚು ಕುಸಿತ ಅಂತ ಹೇಳುತ್ತದೆ! ಲೆಕ್ಕದಲ್ಲಿ ತಪ್ಪಿಲ್ಲ. ಗುಂಟೂರು ಮಾಲು ಜಾಸ್ತಿ ಬಂತು, ಅದರ ಬೆಲೆ ಕಡಿಮೆ, ಸರಾಸರಿಯನ್ನು ಕೆಳಗೆ ಎಳೆಯಿತು. ಮಿಶ್ರಣ ಬದಲಾದದ್ದು ಬೆಲೆ ಬದಲಾದ ಹಾಗೆ ಕಾಣುತ್ತದೆ.

ಆವಕ ಬಿಟ್ಟು ಮೂರು ಬೆಲೆ ಕೂಡಿಸಿ ಮೂರರಿಂದ ಭಾಗಿಸಿದರೆ? 27,333 ಇದ್ದದ್ದು 28,167 ಆಗುತ್ತದೆ. ದಿಕ್ಕು ಸರಿ ಬಂತು, ಆದರೆ ಅದು ಆಕಸ್ಮಿಕ. ನೂರು ಕ್ವಿಂಟಲ್ ಡಬ್ಬಿಗೂ ಸಾವಿರ ಕ್ವಿಂಟಲ್ ಗುಂಟೂರಿಗೂ ಒಂದೇ ಮಾನ ಕೊಟ್ಟಂತಾಯಿತು.

ಇದಕ್ಕೆ ಹಳೆಯ ದಾರಿ ಒಂದಿದೆ. ಜರ್ಮನಿಯ ಎಟಿಯೆನ್ ಲಾಸ್ಪೆಯ್ರೆಸ್ 1871ರಲ್ಲಿ ಕೊಟ್ಟ ಸೂತ್ರ. ಹಿಂದಿನ ಅವಧಿಯ ಪ್ರಮಾಣವನ್ನು ಹಾಗೇ ಇಟ್ಟು, ಬೆಲೆ ಮಾತ್ರ ಹೊಸದು ಹಾಕಬೇಕು. ಸೋಮವಾರದ 100, 500, 400 ಕ್ವಿಂಟಲ್‌ಗೆ ಗುರುವಾರದ ಬೆಲೆ ಹಾಕಿದರೆ 24,600. ಸೋಮವಾರ 23,800. ಏರಿಕೆ 800, ಶೇಕಡ 3.4ರಷ್ಟು. ಇದು ಬೆಲೆಯ ಮಾತು, ಮಿಶ್ರಣದ ಮಾತಲ್ಲ. ಅರ್ಥಶಾಸ್ತ್ರದ ಕ್ಲಾಸಿನಲ್ಲಿ ಪರೀಕ್ಷೆಗೆ ಅಂತ ಓದಿದ್ದ ಸೂತ್ರ ಮೆಣಸಿನಕಾಯಿ ಚೀಲದ ಮುಂದೆ ಬಂದು ನಿಂತಾಗ ನನಗೆ ನಿಜಕ್ಕೂ ಖುಷಿಯಾಯಿತು.

ಕೊನೆಗೆ ಮೊದಲ ಪುಟದಲ್ಲಿ ಎಲ್ಲ ತಳಿಯ ಒಟ್ಟು ಬೆಲೆ ಹಾಕಲೇ ಇಲ್ಲ. ತಳಿಗೊಂದು ಕಾರ್ಡ್. ಲಾಸ್ಪೆಯ್ರೆಸ್ ಲೆಕ್ಕದ ಸೂಚ್ಯಂಕ ಎರಡನೇ ಪುಟದಲ್ಲಿದೆ, ಮಾರುಕಟ್ಟೆಯ ಒಟ್ಟಾರೆ ಒಲವು ನೋಡುವವರಿಗೆ.

ಡ್ಯಾಕ್ಸ್ ಕಲಿತದ್ದು

ಡ್ಯಾಕ್ಸ್ ಅಂದರೆ ಪವರ್ ಬಿಐನಲ್ಲಿ ಲೆಕ್ಕ ಬರೆಯುವ ಸೂತ್ರಗಳ ಭಾಷೆ, ಅದರಲ್ಲಿ ಬರೆದ ಒಂದು ಲೆಕ್ಕವೇ ಮೆಷರ್. ಮೂಲ ಮೆಷರ್ ಚಿಕ್ಕದು. ಫಂಕ್ಷನ್ ಹೆಸರುಗಳನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ:

ತೂಕದ ಬೆಲೆ = ಡಿವೈಡ್( ಸಮ್‌ಎಕ್ಸ್( ಧಾರಣೆ, ಧಾರಣೆ[ಕ್ವಿಂಟಲ್] * ಧಾರಣೆ[ಮಾದರಿ] ), ಸಮ್( ಧಾರಣೆ[ಕ್ವಿಂಟಲ್] ) )

ಸಮ್‌ಎಕ್ಸ್ ಸಾಲು ಸಾಲಾಗಿ ಹೋಗಿ ಗುಣಿಸಿ ಆಮೇಲೆ ಕೂಡಿಸುತ್ತದೆ. ಎರಡು ಕಾಲಮಿನ ಮೊತ್ತವನ್ನು ಬೇರೆ ಬೇರೆ ತೆಗೆದು ಗುಣಿಸಿದರೆ ಅರ್ಥವಿಲ್ಲದ ಅಂಕಿ ಬರುತ್ತದೆ. ಡಿವೈಡ್ ಯಾಕೆ ಅಂದರೆ ಆವಕ ಇಲ್ಲದ ದಿನ ಸೊನ್ನೆಯಿಂದ ಭಾಗಿಸುವ ಪ್ರಸಂಗ ಬಂದರೆ ಅದು ಖಾಲಿ ಬಿಡುತ್ತದೆ. ಮಾದರಿ ಬೆಲೆ ಸರಾಸರಿ ಅಲ್ಲದ ಕಾರಣ ಇಲ್ಲಿ ಬರುವುದು ಅಂದಾಜು, ಅದನ್ನು ಪುಟದ ಕೆಳಗೆ ಸ್ಪಷ್ಟವಾಗಿ ಬರೆದಿದ್ದೇನೆ.

ಡ್ಯಾಕ್ಸ್ ನನಗೆ ಅರ್ಥವಾದದ್ದು ಟೇಬಲ್ ವಿಷುವಲ್ಲಿನ ಒಟ್ಟು ಸಾಲಿನಿಂದ. ಮೇಲೆ ಮೂರು ತಳಿ, ಮೂರು ಬೆಲೆ, ಕೆಳಗೆ ಟೋಟಲ್. ಆ ಟೋಟಲ್ ಮೇಲಿನ ಮೂರನ್ನು ಕೂಡಿಸಿದ್ದಲ್ಲ, ಸರಾಸರಿ ಮಾಡಿದ್ದೂ ಅಲ್ಲ. ಅಲ್ಲಿ ತಳಿಯ ಫಿಲ್ಟರ್ ಇರುವುದಿಲ್ಲ, ಅದೇ ಮೆಷರ್ ಎಲ್ಲ ಸಾಲುಗಳ ಮೇಲೆ ಮತ್ತೊಮ್ಮೆ ಹೊಸದಾಗಿ ಓಡುತ್ತದೆ. ಅಂದರೆ ಪರದೆಯ ಮೇಲಿನ ಪ್ರತಿ ಚೌಕಕ್ಕೂ ತನ್ನದೇ ಫಿಲ್ಟರ್ ಇದೆ, ಮೆಷರ್ ಅದರೊಳಗೆ ನಿಂತು ಉತ್ತರ ಕೊಡುತ್ತದೆ. ಫಿಲ್ಟರ್ ಕಾಂಟೆಕ್ಸ್ಟ್ ಅನ್ನುವುದು ಇಷ್ಟೇ. ಇದು ತಲೆಗೆ ಹತ್ತಿದ ಮೇಲೆ ಕ್ಯಾಲ್ಕ್ಯುಲೇಟ್ ಫಂಕ್ಷನ್ ಕಷ್ಟ ಅನ್ನಿಸುವುದಿಲ್ಲ. ಅದು ಆ ಫಿಲ್ಟರನ್ನು ಬದಲಿಸಿ ಲೆಕ್ಕ ಮಾಡಿಸುವ ಸಾಧನ, ಅಷ್ಟೇ.

ಆಮೇಲೆ ಕಾಕಾನ ಮೊದಲ ಪ್ರಶ್ನೆ: ಹೋದ ಮಾರ್ಕೆಟ್‌ಗಿಂತ ಏರಿತೋ ಇಳಿಯಿತೋ. ಪುಸ್ತಕದ ಉತ್ತರ ದಿನಾಂಕ ಸರಿಸುವ ಡೇಟ್‌ಆಡ್ ಫಂಕ್ಷನ್, ಒಂದು ದಿನ ಹಿಂದಕ್ಕೆ. ಸೋಮವಾರದ ಹಿಂದಿನ ದಿನ ಭಾನುವಾರ, ಮಾರುಕಟ್ಟೆಯೇ ಇಲ್ಲ, ಖಾಲಿ ಬರುತ್ತದೆ. ಏಳು ದಿನ ಹಿಂದಕ್ಕೆ ಹೋದರೆ ಮಧ್ಯದ ಗುರುವಾರ ತಪ್ಪಿಹೋಗುತ್ತದೆ, ಹಬ್ಬ ಬಂದರೆ ಅದೂ ಖಾಲಿ. ಇಲ್ಲಿ ಬೇಕಾದದ್ದು ಹಿಂದಿನ ದಿನ ಅಲ್ಲ, ಹಿಂದಿನ ಮಾರುಕಟ್ಟೆ ದಿನ.

ಅದಕ್ಕೆ ಪವರ್ ಕ್ವೆರಿಯಲ್ಲೇ ದಾರಿ ಮಾಡಿದೆ. ಧಾರಣೆ ಟೇಬಲ್ಲಿನಿಂದ ವಹಿವಾಟು ನಡೆದ ದಿನಾಂಕಗಳನ್ನು ಮಾತ್ರ ತೆಗೆದು, ಒಂದೇ ದಿನ ಎರಡು ಸಲ ಬಾರದ ಹಾಗೆ ಮಾಡಿ, ಹಳೆಯದರಿಂದ ಹೊಸದಕ್ಕೆ ಜೋಡಿಸಿ, ಇಂಡೆಕ್ಸ್ ಕಾಲಮ್ ಸೇರಿಸಿ 1, 2, 3 ಅಂತ ಸಂಖ್ಯೆ ಕೊಟ್ಟೆ. ಅದನ್ನು ಕ್ಯಾಲೆಂಡರ್ ಟೇಬಲ್ಲಿಗೆ ಮರ್ಜ್ ಮಾಡಿದೆ. ಈಗ ಹಿಂದಿನ ಮಾರುಕಟ್ಟೆ ಅಂದರೆ ಇವತ್ತಿನ ಸಂಖ್ಯೆಗಿಂತ ಒಂದು ಕಡಿಮೆ. ಮಧ್ಯೆ ಎರಡು ದಿನ ಇರಲಿ, ಹಬ್ಬದ ರಜೆ ಇರಲಿ, ಲೆಕ್ಕ ಕೆಡುವುದಿಲ್ಲ. ಕ್ಯಾಲೆಂಡರ್ ಟೇಬಲ್ ಮಾತ್ರ ಒಂದು ದಿನವೂ ಬಿಡದಂತೆ ಪೂರ್ತಿ ಇರಬೇಕು, ಅದನ್ನು ಡೇಟ್ ಟೇಬಲ್ ಅಂತ ಗುರುತು ಮಾಡಬೇಕು. ಹಿಂದಿನ ಮಾರುಕಟ್ಟೆಯಲ್ಲಿ ಆ ತಳಿ ಬಂದೇ ಇಲ್ಲದಿದ್ದರೆ ಕಾರ್ಡಿನಲ್ಲಿ 'ಆವಕ ಇರಲಿಲ್ಲ' ಅಂತ ತೋರಿಸುತ್ತೇನೆ. ಸೊನ್ನೆ ತೋರಿಸಿದರೆ ಬೆಲೆ ಸೊನ್ನೆಯಿಂದ ಮೂವತ್ತು ಸಾವಿರಕ್ಕೆ ಹಾರಿದ ಹಾಗೆ ಕಾಣುತ್ತದೆ.

ಸೂಚ್ಯಂಕದ ಮೆಷರ್‌ಗೂ ಇದೇ ನಿಯಮ. ಎರಡೂ ದಿನ ಬಂದ ತಳಿಗಳನ್ನು ಮಾತ್ರ ಎರಡೂ ಕಡೆ ಸೇರಿಸಬೇಕು. ಒಂದು ಕಡೆ ಮಾತ್ರ ಇರುವ ತಳಿ ಒಳಗೆ ಬಂದರೆ ಮತ್ತೆ ಮಿಶ್ರಣದ ತೊಂದರೆ ಶುರು.

ವರ್ಷದ ಲೆಕ್ಕವೂ ಬದಲಾಯಿಸಿದೆ. ಜನವರಿಯಿಂದ ವರ್ಷ ಶುರು ಮಾಡಿದರೆ ಒಂದೇ ಹಂಗಾಮು ಎರಡು ತುಂಡಾಗುತ್ತದೆ. ಹೊಸ ಮಾಲು ಚಳಿಗಾಲದಲ್ಲಿ ಶುರುವಾಗಿ ಫೆಬ್ರುವರಿ, ಮಾರ್ಚ್‌ನಲ್ಲಿ ಜೋರಾಗುತ್ತದೆ. ಏಪ್ರಿಲ್‌ನಿಂದ ಮಾರ್ಚ್ ಅನ್ನುವ ಹಣಕಾಸು ವರ್ಷ ಹಾಕಿದರೆ ಜೋರಿನ ಮಧ್ಯದಲ್ಲೇ ಗೆರೆ ಬೀಳುತ್ತದೆ. ನಾನು ಅಕ್ಟೋಬರ್ 1ರಿಂದ ಸೆಪ್ಟೆಂಬರ್ 30 ಅನ್ನು ಒಂದು ಹಂಗಾಮು ಅಂತ ಇಟ್ಟೆ. ಡ್ಯಾಕ್ಸ್‌ನ ವರ್ಷದ ಮೊತ್ತದ ಫಂಕ್ಷನ್‌ಗಳಿಗೆ ವರ್ಷದ ಕೊನೆಯ ದಿನ ಕೊಡಲು ಜಾಗ ಇದೆ, ಅಲ್ಲಿ ಸೆಪ್ಟೆಂಬರ್ 30 ಕೊಟ್ಟರಾಯಿತು. ತಿಂಗಳ ಹೆಸರು ಕನ್ನಡದಲ್ಲಿ ಬರೆದಿದ್ದರಿಂದ ಅಕ್ಷರದ ಕ್ರಮದಲ್ಲಿ ಜೋಡಣೆ ಆಗುತ್ತಿತ್ತು. ಅಕ್ಟೋಬರ್‌ಗೆ 1 ಅಂತ ಸಂಖ್ಯೆ ಕೊಟ್ಟು ಸಾರ್ಟ್ ಬೈ ಕಾಲಮ್ ಹಾಕಿದೆ.

ಪರದೆ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಪೈ ಚಾರ್ಟ್ ಇಲ್ಲ, ಗೇಜ್ ಇಲ್ಲ. ಮೇಲೆ ತಳಿಯ ಕಾರ್ಡ್‌ಗಳು, ಕೆಳಗೆ ಮಾದರಿ ಬೆಲೆಯ ಗೆರೆ. ಗೆರೆಯ ಸುತ್ತ ಕನಿಷ್ಠದಿಂದ ಗರಿಷ್ಠದವರೆಗೆ ತೆಳು ಬಣ್ಣದ ಪಟ್ಟಿ. ಲೈನ್ ಚಾರ್ಟಿನ ಎರರ್ ಬಾರ್ ಆಯ್ಕೆಯಲ್ಲಿ ಮೇಲಿನ, ಕೆಳಗಿನ ಮಿತಿ ಕೊಟ್ಟು ಶೇಡ್ ಆರಿಸಿದರೆ ಇದು ಬರುತ್ತದೆ. ಆ ಪಟ್ಟಿ ನನಗೆ ಬಹಳ ಮುಖ್ಯ. ಪಟ್ಟಿ ಅಗಲ ಇದ್ದ ದಿನ ಒಳ್ಳೆ ಬಣ್ಣದ ಒಣ ಮಾಲಿಗೂ ತೇವ ಇರುವ ಮಾಲಿಗೂ ಬೆಲೆಯಲ್ಲಿ ದೂರ ಜಾಸ್ತಿ. ಬರೀ ಗೆರೆ ನೋಡಿದರೆ ಅದು ಗೊತ್ತೇ ಆಗುವುದಿಲ್ಲ.

ಅಕ್ಷದ ಆರಂಭವನ್ನು ಪವರ್ ಬಿಐ ತಾನೇ ಆರಿಸಲು ಬಿಡಬೇಡಿ. ಸಣ್ಣ ಇಳಿಕೆಯೂ ಪ್ರಪಾತದ ಹಾಗೆ ಕಾಣುತ್ತದೆ. ಆವಕದ ಬಾರ್ ಸೊನ್ನೆಯಿಂದಲೇ ಶುರುವಾಗಬೇಕು.

ಕಾಕಾ ನೋಡುವುದು ಫೋನಿನಲ್ಲಿ. ಪವರ್ ಬಿಐ ಸೇವೆಗೆ ಕಾಲೇಜಿನ ಅಥವಾ ಆಫೀಸಿನ ಇಮೇಲ್ ಬೇಕು, ಜಿಮೇಲ್ ನಡೆಯುವುದಿಲ್ಲ. ಬೇರೆಯವರಿಗೆ ಹಂಚಲು ಲೈಸೆನ್ಸಿಗೆ ಹಣ ಕೊಡಬೇಕು. ಹಾಗಾಗಿ ಉದ್ದಕ್ಕೆ ನಿಲ್ಲುವ ಒಂದು ಪುಟ ಮಾಡಿ ಪಿಡಿಎಫ್ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತೇನೆ. ವೈವಾದಲ್ಲಿ ಮೇಡಂ ಇದನ್ನು ಕೇಳಿದರು, ಇಂಟರಾಕ್ಟಿವ್ ಯಾಕಿಲ್ಲ ಅಂತ. ನೋಡುವವರಿಗೆ ಒತ್ತುವ ಬಟನ್ ಬೇಡ, ಓದುವ ಉತ್ತರ ಬೇಕು ಅಂತ ಹೇಳಿದೆ. ಅವರು ಒಪ್ಪಿದರು.

ಮಾರುವುದೋ, ಇಡುವುದೋ

ಮೂರನೇ ಪ್ರಶ್ನೆ ಕಷ್ಟದ್ದು. ಮೇಡಂ ಮೊದಲು ಫೋರ್‌ಕಾಸ್ಟ್ ಹಾಕಲು ಹೇಳಿದ್ದರು. ಲೈನ್ ಚಾರ್ಟಿನಲ್ಲಿ ಕೆಲವು ಕ್ಲಿಕ್ ಸಾಕು, ಮುಂದಿನ ಆರು ತಿಂಗಳ ಗೆರೆ ಬರುತ್ತದೆ. ನಾನು ಹಾಕಲಿಲ್ಲ. ಆ ಗೆರೆಗೆ ಗೊತ್ತಿರುವುದು ಹಿಂದಿನ ಬೆಲೆ ಮಾತ್ರ. ಆಂಧ್ರದಲ್ಲಿ ಎಷ್ಟು ಬಿತ್ತಿದ್ದಾರೆ, ಕೋಲ್ಡ್ ಸ್ಟೋರೇಜಿನಲ್ಲಿ ಎಷ್ಟು ಹಳೆ ಮಾಲು ಉಳಿದಿದೆ, ರಫ್ತು ಹೇಗಿದೆ, ಇದ್ಯಾವುದೂ ಅದಕ್ಕೆ ಗೊತ್ತಿಲ್ಲ. ಅದನ್ನು ನೋಡಿ ಒಬ್ಬರು ಮಾಲು ಇಟ್ಟುಕೊಂಡರೆ ಹೊಣೆ ಯಾರು?

ಬದಲಿಗೆ ಪ್ರಶ್ನೆಯನ್ನು ತಿರುಗಿಸಿದೆ. ಬೆಲೆ ಎಷ್ಟಾಗುತ್ತದೆ ಅಂತ ಹೇಳುವ ಬದಲು, ಇಟ್ಟರೆ ನಷ್ಟ ಆಗದಿರಲು ಬೆಲೆ ಎಷ್ಟಾಗಲೇಬೇಕು ಅಂತ ಲೆಕ್ಕ ಹಾಕೋಣ. ಪವರ್ ಬಿಐನಲ್ಲಿ ನ್ಯೂಮೆರಿಕ್ ರೇಂಜ್ ಪ್ಯಾರಾಮೀಟರ್ ಅಂತ ಇದೆ, ಮೊದಲು ವಾಟ್-ಇಫ್ ಅನ್ನುತ್ತಿದ್ದರು. ನಾಲ್ಕು ಸ್ಲೈಡರ್ ಹಾಕಿದೆ: ಎಷ್ಟು ತಿಂಗಳು, ತಿಂಗಳಿಗೆ ಬಡ್ಡಿ, ತಿಂಗಳಿಗೆ ಕ್ವಿಂಟಲ್ ಬಾಡಿಗೆ, ತೂಕದಲ್ಲಿ ಇಳಿಕೆ. ಬಾಡಿಗೆಯನ್ನು ಚೀಲದ ಲೆಕ್ಕದಲ್ಲಿ ಹೇಳಿದರೆ ನಿಮ್ಮ ಚೀಲದ ತೂಕ ಹಾಕಿ ಕ್ವಿಂಟಲ್‌ಗೆ ತನ್ನಿ.

ಒಂದು ಉದಾಹರಣೆ, ಅಂಕಿ ಮತ್ತೆ ನನ್ನವೇ. ಇಂದು ಕಡ್ಡಿ 30,000. ಆರು ತಿಂಗಳು ಇಡಬೇಕು. ಬಡ್ಡಿ ತಿಂಗಳಿಗೆ ನೂರಕ್ಕೆ 1 ರೂಪಾಯಿ, ಅಂದರೆ 1,800. ಬಾಡಿಗೆ ತಿಂಗಳಿಗೆ 50, ಒಟ್ಟು 300. ಸೇರಿಸಿದರೆ 32,100. ತೂಕ ಶೇಕಡ 3 ಇಳಿಯುತ್ತದೆ ಅಂದುಕೊಂಡರೆ 32,100 ಅನ್ನು 0.97ರಿಂದ ಭಾಗಿಸಬೇಕು, ಸುಮಾರು 33,093 ಬರುತ್ತದೆ. ಬೆಲೆ 33,093 ಮುಟ್ಟದಿದ್ದರೆ ಇಂದೇ ಮಾರುವುದು ಒಳ್ಳೆಯದಿತ್ತು ಅಂತ ಅರ್ಥ. ಆ ಗೆರೆಯನ್ನು ಹಿಂದಿನ ಹಂಗಾಮುಗಳ ಬೆಲೆಯ ಮೇಲೆ ಎಳೆದು ತೋರಿಸುತ್ತೇನೆ. ಹಿಂದೆ ಯಾವ ವರ್ಷ ಮುಟ್ಟಿತ್ತು, ಯಾವ ವರ್ಷ ಮುಟ್ಟಲಿಲ್ಲ ಅಂತ ಕಣ್ಣಿಗೆ ಕಾಣುತ್ತದೆ. ತೀರ್ಮಾನ ಅವರದು. ಸಾಲ ಎಷ್ಟಿದೆ, ಮನೆಯಲ್ಲಿ ಮದುವೆ ಇದೆಯೋ, ಮುಂದಿನ ಬೆಳೆಗೆ ಗೊಬ್ಬರಕ್ಕೆ ದುಡ್ಡು ಬೇಕೋ, ಅದು ಅವರಿಗೇ ಗೊತ್ತು.

ಕಾಕಾ ಈ ಪುಟವನ್ನು ನನ್ನ ಲ್ಯಾಪ್‌ಟಾಪಿನಲ್ಲಿ ನೋಡಿ ಸುಮಾರು ಹೊತ್ತು ಸ್ಲೈಡರ್ ಎಳೆಸಿದರು. ಆರು ತಿಂಗಳು, ನಾಲ್ಕು ತಿಂಗಳು, ಎರಡು ತಿಂಗಳು. "ಬಡ್ಡಿ ಇಷ್ಟ್ ತಿಂತೈತಿ ಅಂತ ಗೊತ್ತಿತ್ತು, ಹಿಂಗ್ ಕೂಡಿಸಿ ನೋಡಿರಲಿಲ್ಲ" ಅಂದರು. ಆಮೇಲೆ ಅವರೇ ಒಂದು ಮಾತು ಸೇರಿಸಿದರು: "ನಂದು ಮಾಲು ಮಾದರಿ ಬೆಲೆಗೆ ಹೋಗಂಗಿಲ್ಲಪಾ. ಬಣ್ಣ ಛಲೋ ಇದ್ದಾಗ ಮ್ಯಾಲೆ ಹೋಗ್ತೈತಿ, ಮಳಿ ಹತ್ತಿದಾಗ ಕೆಳಗ ಹೋಗ್ತೈತಿ."

ಸರಿಯಾದ ಮಾತು. ಬಣ್ಣ, ತೇವಾಂಶ ಸಾರ್ವಜನಿಕ ಡೇಟಾದಲ್ಲಿ ಇಲ್ಲ. ಆದರೆ ಅವರ ಸ್ವಂತ ಲಾಟಿನ ಬೆಲೆ ಅವರ ಹತ್ತಿರ ಇದೆ, ದಲಾಲರ ಅಂಗಡಿಯ ಚೀಟಿಗಳಲ್ಲಿ. ಅದನ್ನು ಈಗ ಎರಡನೇ ಫ್ಯಾಕ್ಟ್ ಟೇಬಲ್ ಮಾಡುತ್ತಿದ್ದೇನೆ. ಇದರ ಗ್ರೇನ್ ಬೇರೆ: ಒಂದು ಸಾಲು ಅಂದರೆ ಒಂದು ಲಾಟ್. ಕಾಲಮ್ ಐದೇ: ದಿನಾಂಕ, ತಳಿ, ಕ್ವಿಂಟಲ್, ಸಿಕ್ಕ ಬೆಲೆ, ಮತ್ತೆ ಮಾಲು ಹೇಗಿತ್ತು ಅಂತ ಅವರ ಮಾತಿನಲ್ಲೇ ಒಂದು ಟಿಪ್ಪಣಿ. ದಿನ ಮತ್ತು ತಳಿ ಟೇಬಲ್‌ಗಳು ಎರಡೂ ಫ್ಯಾಕ್ಟ್‌ಗೆ ಒಂದೇ, ಆದ್ದರಿಂದ ಅದೇ ದಿನದ ಮಾದರಿ ಬೆಲೆಯ ಪಕ್ಕ ಅವರ ಬೆಲೆ ಇಡಬಹುದು. ಎರಡರ ವ್ಯತ್ಯಾಸವನ್ನು ಶೇಕಡದಲ್ಲಿ ತೋರಿಸುವ ಮೆಷರ್ ಬರೆದಿದ್ದೇನೆ. ಹಳೆಯ ಚೀಟಿಗಳನ್ನು ಕಾಕು ಒಂದು ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಈ ರಜೆಯಲ್ಲಿ ಕೂತು ಅವನ್ನೆಲ್ಲ ಎಕ್ಸೆಲ್‌ಗೆ ಹಾಕುವುದು ಮುಂದಿನ ಕೆಲಸ.